ಎರಡು ಕಿಲೋಮೀಟರ್ ಒಳಗೆ ಎಷ್ಟು ಜನ? ಕ್ಯೂಜಿಐಎಸ್‌ನಲ್ಲಿ ಜನಗಣತಿಯನ್ನೂ ಪರಿಸರದ ಅಂಕಿಗಳನ್ನೂ ಜೋಡಿಸುವ ಬಗೆ

ಒಂದು ರಾಸಾಯನಿಕ ಕಾರ್ಖಾನೆಯ ಸುತ್ತ ಎರಡು ಕಿಲೋಮೀಟರ್ ಒಳಗೆ ಎಷ್ಟು ಜನ ಇದ್ದಾರೆ? ಅವರಲ್ಲಿ ಆರು ವರ್ಷದೊಳಗಿನ ಮಕ್ಕಳೆಷ್ಟು? ಕೇಳುವುದಕ್ಕೆ ಸುಲಭ. ಆದರೆ ಉತ್ತರ ಯಾವ ಕೋಷ್ಟಕದಲ್ಲೂ ಸಿದ್ಧವಾಗಿ ಸಿಗುವುದಿಲ್ಲ. ಜನಗಣತಿಯವರು ಎಣಿಸುವುದು ವಾರ್ಡು, ಊರು, ಬ್ಲಾಕು ಎನ್ನುವ ಗಡಿಗಳ ಲೆಕ್ಕದಲ್ಲಿ. ಹೊಗೆಗೂ ಕೊಳಕು ನೀರಿಗೂ ಆ ಗಡಿಗಳ ಹಂಗಿಲ್ಲ. ಇವೆರಡನ್ನೂ ಒಂದೇ ನಕ್ಷೆಯ ಮೇಲೆ ಕೂರಿಸಿ ನಂಬಬಹುದಾದ ಒಂದು ಸಂಖ್ಯೆ ತೆಗೆಯುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ.

ಇದು ಹೊಸ ಆಸೆಯೇನಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಮತ್ತು ಅಲ್ಲಿನ ಜನಗಣತಿ ಬ್ಯೂರೊ ಸೇರಿಕೊಂಡು ‘ಲ್ಯಾಂಡ್‌ವ್ಯೂ’ ಎಂಬ ತಂತ್ರಾಂಶವನ್ನು ಸಿಡಿಗಳಲ್ಲಿ ಹಂಚುತ್ತಿದ್ದ ಕಾಲವೊಂದಿತ್ತು. ನಕ್ಷೆಯ ಮೇಲೆ ಒಂದು ಬಿಂದು ಗುರುತಿಸಿ ತ್ರಿಜ್ಯ ಕೊಟ್ಟರೆ, ಆ ವೃತ್ತದೊಳಗಿನ ಜನಸಂಖ್ಯೆಯ ಅಂದಾಜನ್ನು ಅದೇ ಹೇಳುತ್ತಿತ್ತು. ಈಗ ಅದೇ ಕೆಲಸವನ್ನು ಜಗತ್ತಿನ ಯಾವ ಮೂಲೆಯ ದತ್ತಾಂಶದ ಮೇಲಾದರೂ ನಾವೇ ಮಾಡಿಕೊಳ್ಳಬಹುದು. ಬೇಕಾದದ್ದು ಕ್ಯೂಜಿಐಎಸ್. ಗ್ಯಾರಿ ಶೆರ್ಮನ್ 2002ರಲ್ಲಿ ಶುರುಮಾಡಿದ ಈ ಮುಕ್ತ ನಕ್ಷಾ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ಕಾಸು ಕೊಡಬೇಕಿಲ್ಲ. ಡೌನ್‌ಲೋಡ್ ಪುಟದಲ್ಲಿ ‘ಲಾಂಗ್ ಟರ್ಮ್’ ಎಂದು ಗುರುತಿಸಿರುವ ಆವೃತ್ತಿಯನ್ನೇ ತೆಗೆದುಕೊಳ್ಳಿ. ತೀರಾ ಹೊಸದರಲ್ಲಿ ಹೊಸ ಸೌಲಭ್ಯಗಳ ಜೊತೆಗೆ ಹೊಸ ತೊಂದರೆಗಳೂ ಇರುತ್ತವೆ.

ತಂತ್ರಾಂಶ ತೆರೆದ ಮೇಲೆ ಖಾಲಿ ಬಿಳಿ ಪರದೆ ಕಂಡು ಗಾಬರಿಯಾಗಬೇಡಿ. ಕೆಳಗಿನ ಪಟ್ಟಿಯಲ್ಲಿ ನಿರ್ದೇಶಾಂಕ ತೋರಿಸುವ ಪುಟ್ಟ ಪೆಟ್ಟಿಗೆ ಇದೆ. ಅದರಲ್ಲಿ ಇಂಗ್ಲಿಷಿನಲ್ಲಿ ‘ವರ್ಲ್ಡ್’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಇಡೀ ಜಗತ್ತಿನ ನಕ್ಷೆ ಬಂದು ಕೂರುತ್ತದೆ. ತಯಾರಿಸಿದವರು ತಮಾಷೆಗೆ ಅಡಗಿಸಿಟ್ಟ ಸೌಲಭ್ಯ ಇದು. ಕೈ ಪಳಗಿಸಿಕೊಳ್ಳಲು ಅಷ್ಟು ಸಾಕು.

ಮೊದಲು ಬೇಕಾದ ನಾಲ್ಕು ಫೈಲು

ನಮ್ಮ ಪ್ರಶ್ನೆಗೆ ಬೇಕಾದ ಮೊದಲನೆಯದು ವಾರ್ಡುಗಳ ಗಡಿ ಇರುವ ವೆಕ್ಟರ್ ಫೈಲು, ಅಂದರೆ ಬಿಂದು, ಗೆರೆ, ಆಕಾರಗಳಾಗಿ ಉಳಿಸಿದ ನಕ್ಷೆ. ಎರಡನೆಯದು ಅದೇ ವಾರ್ಡುಗಳ ಜನಗಣತಿ ಕೋಷ್ಟಕ, ಸಾಮಾನ್ಯವಾಗಿ ಸಿಎಸ್‌ವಿ ರೂಪದಲ್ಲಿ, ಅಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸರಳ ಪಠ್ಯವಾಗಿ ಸಿಗುತ್ತದೆ. ಆಮೇಲೆ ಕಾರ್ಖಾನೆಗಳ ಅಥವಾ ವಾಯುಮಾಪನ ಕೇಂದ್ರಗಳ ಅಕ್ಷಾಂಶ, ರೇಖಾಂಶ ಇರುವ ಪಟ್ಟಿ. ನಾಲ್ಕನೆಯದು ಒಂದು ರಾಸ್ಟರ್, ಅಂದರೆ ಚೌಕಚೌಕವಾಗಿ ಬೆಲೆ ತುಂಬಿದ ಚಿತ್ರ. ಜಗತ್ತಿಗೆಲ್ಲ ಸಿಗುವ ಒಳ್ಳೆಯ ರಾಸ್ಟರ್‌ಗಳಿವೆ. ಜನವಸತಿಗೆ ವರ್ಲ್ಡ್‌ಪಾಪ್, ಸುಮಾರು 100 ಮೀಟರಿನ ಚೌಕಗಳು. ಭೂಬಳಕೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ವರ್ಲ್ಡ್‌ಕವರ್, 10 ಮೀಟರಿನದು, 2020 ಮತ್ತು 2021ಕ್ಕೆ ಇದೆ. ನೆಲದ ಎತ್ತರಕ್ಕೆ 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ಹನ್ನೊಂದು ದಿನ ಹಾರಿ ಅಳೆದ ಎಸ್‌ಆರ್‌ಟಿಎಂ.

ಎಲ್ಲವನ್ನೂ ಒಂದೇ ಫೋಲ್ಡರಿಗೆ ಹಾಕಿ. ಇಳಿಸಿಕೊಂಡ ಮೂಲ ಫೈಲುಗಳನ್ನು ‘ಮೂಲ’ ಎನ್ನುವ ಒಳ ಫೋಲ್ಡರಿನಲ್ಲಿಟ್ಟು ಮತ್ತೆ ಮುಟ್ಟಬೇಡಿ. ಗಡಿ ಫೈಲು ‘ಶೇಪ್‌ಫೈಲ್’ ಎಂಬ ಹಳೆಯ ರೂಪದಲ್ಲಿದ್ದರೆ ಅದು ಒಂದು ಫೈಲಲ್ಲ, ಒಂದು ಗುಂಪು: ಎಸ್‌ಎಚ್‌ಪಿ, ಎಸ್‌ಎಚ್‌ಎಕ್ಸ್, ಡಿಬಿಎಫ್, ಪಿಆರ್‌ಜೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಾಪಿ ಮಾಡಿದರೆ ಕೆಲಸ ಕೆಡುತ್ತದೆ. ಕಾಲಂ ಹೆಸರು ಹತ್ತು ಅಕ್ಷರ ಮೀರುವಂತಿಲ್ಲ ಎನ್ನುವುದು ಇನ್ನೊಂದು ಕಿರಿಕಿರಿ. ಹಾಗಾಗಿ ತೆರೆದ ಕೂಡಲೇ ಲೇಯರಿನ (ನಕ್ಷೆಯ ಒಂದೊಂದು ಪದರಕ್ಕೆ ಇಲ್ಲಿನ ಹೆಸರು) ಮೇಲೆ ಬಲಕ್ಲಿಕ್ ಮಾಡಿ, ‘ಎಕ್ಸ್‌ಪೋರ್ಟ್’ ಮೂಲಕ ಜಿಯೋಪ್ಯಾಕೇಜ್ ಆಗಿ ಉಳಿಸಿಕೊಳ್ಳುವುದು ನನ್ನ ಅಭ್ಯಾಸ. ಒಂದೇ ಫೈಲಿನಲ್ಲಿ ಎಷ್ಟು ಲೇಯರ್ ಬೇಕಾದರೂ ಹಿಡಿಸುತ್ತದೆ.

ಕೋಷ್ಟಕವನ್ನು ಗಡಿಗೆ ಹೊಲಿಯುವುದು

ಹೊಸಬರು ಹೆಚ್ಚು ಹೊತ್ತು ಕಳೆದುಕೊಳ್ಳುವ ಜಾಗ ಇದೇ. ತಪ್ಪು ತಂತ್ರಾಂಶದ್ದಲ್ಲ, ಸೊನ್ನೆಯದ್ದು.

ಪ್ರತಿ ವಾರ್ಡಿಗೂ ಒಂದು ಸಂಕೇತ ಸಂಖ್ಯೆ ಇರುತ್ತದೆ. ಗಡಿ ಫೈಲಿನಲ್ಲಿ ಅದು 010203 ಎಂದಿದೆ ಎಂದುಕೊಳ್ಳಿ. ಜನಗಣತಿಯ ಸಿಎಸ್‌ವಿಯನ್ನು ಒಮ್ಮೆ ನೋಡಿಬಿಡೋಣ ಎಂದು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದಿರೋ, ಮುಂದಿನ ಸೊನ್ನೆ ಹಾರಿಹೋಗಿ 10203 ಆಗುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಒಂದು ಪದ, ಇನ್ನೊಂದು ಅಂಕಿ. ಜೋಡಿಸಿದಾಗ ಕಾಲಂ ತುಂಬ ‘ನಲ್’, ಅಂದರೆ ಬೆಲೆಯೇ ಇಲ್ಲ. ಆದ್ದರಿಂದ ಸಿಎಸ್‌ವಿಯನ್ನು ಎಕ್ಸೆಲ್‌ಗೆ ತೋರಿಸದೆ, ನೇರವಾಗಿ ಕ್ಯೂಜಿಐಎಸ್‌ನ ‘ಆಡ್ ಡಿಲಿಮಿಟೆಡ್ ಟೆಕ್ಸ್ಟ್ ಲೇಯರ್’ ಮೂಲಕ ಒಳಗೆ ತನ್ನಿ. ಅದೇ ಕಿಟಕಿಯ ಕೆಳಭಾಗದಲ್ಲಿ ಮಾದರಿ ಸಾಲುಗಳು ಕಾಣುತ್ತವೆ. ಸಂಕೇತದ ಕಾಲಂ ‘ಟೆಕ್ಸ್ಟ್’ ಎಂದಿರಬೇಕು, ಜನಸಂಖ್ಯೆಯ ಕಾಲಂ ‘ಇಂಟಿಜರ್’ (ಪೂರ್ಣಾಂಕ) ಎಂದಿರಬೇಕು. ಬೇರೆಯಾಗಿದ್ದರೆ ಅಲ್ಲೇ ಬದಲಾಯಿಸಿ. ಈ ಕೋಷ್ಟಕಕ್ಕೆ ನಕ್ಷೆಯ ಬಿಂದುಗಳಿಲ್ಲದ ಕಾರಣ ‘ನೋ ಜಿಯೊಮೆಟ್ರಿ’ ಆಯ್ದುಕೊಳ್ಳಿ.

ಸೊನ್ನೆ ಆಗಲೇ ಹೋಗಿದ್ದರೂ ದಾರಿಯಿದೆ. ಫೀಲ್ಡ್ ಕ್ಯಾಲ್ಕುಲೇಟರಿನಲ್ಲಿ ‘ಎಲ್‌ಪ್ಯಾಡ್’ ಎನ್ನುವ ಫಂಕ್ಷನ್ ಇದೆ. ಕಾಲಂ ಹೆಸರು, ಒಟ್ಟು ಎಷ್ಟು ಅಕ್ಷರ ಬೇಕು, ಎಡಗಡೆ ಏನು ತುಂಬಬೇಕು ಎಂದು ಮೂರು ಸಂಗತಿ ಕೊಟ್ಟರೆ ಸೊನ್ನೆಗಳನ್ನು ಮತ್ತೆ ಕೂರಿಸುತ್ತದೆ.

ಈಗ ಗಡಿ ಲೇಯರಿನ ಪ್ರಾಪರ್ಟೀಸ್, ಅದರಲ್ಲಿ ‘ಜಾಯಿನ್ಸ್’, ಹಸಿರು ಪ್ಲಸ್. ಎರಡೂ ಕಡೆಯ ಸಂಕೇತದ ಕಾಲಂ ಆರಿಸಿ ಓಕೆ ಕೊಡಿ. ಊರಿನ ಹೆಸರು ಕೊಟ್ಟು ಜೋಡಿಸಲು ಹೋಗಲೇಬೇಡಿ. ಕಾಗುಣಿತ ಒಂದೊಂದು ಕಡತದಲ್ಲಿ ಒಂದೊಂದು ಥರ, ಒಂದೇ ಹೆಸರಿನ ಊರು ನಾಲ್ಕಿರುತ್ತವೆ.

ಜೋಡಿಸಿದ ತಕ್ಷಣ ಎರಡು ಪರೀಕ್ಷೆ. ಜನಸಂಖ್ಯೆ ‘ನಲ್’ ಆಗಿರುವ ಸಾಲುಗಳನ್ನು ಆಯ್ದು ಎಷ್ಟಿವೆ ಎಂದು ನೋಡಿ. ಆಮೇಲೆ ಮೇಲಿನ ಪಟ್ಟಿಯಲ್ಲಿ ಸಿಗ್ಮಾ ಚಿಹ್ನೆಯ ಗುಂಡಿ ಒತ್ತಿ, ಕಾಲಮ್ಮಿನ ಒಟ್ಟು ಮೊತ್ತ ತೆಗೆದು ಪ್ರಕಟಿತ ಒಟ್ಟು ಜನಸಂಖ್ಯೆಯ ಜೊತೆ ತಾಳೆ ಹಾಕಿ. ಮೊತ್ತ ಹೆಚ್ಚಾಗಿದೆಯೇ? ಹಾಗಾದರೆ ಗಡಿ ಫೈಲಿನಲ್ಲಿ ಒಂದೇ ವಾರ್ಡು ಎರಡು ಮೂರು ತುಂಡಾಗಿದ್ದು, ಪ್ರತಿ ತುಂಡಿಗೂ ಪೂರ್ತಿ ಜನಸಂಖ್ಯೆ ಅಂಟಿಕೊಂಡಿರಬಹುದು. ಕಡಿಮೆಯಾಗಿದ್ದರೆ, ಎರಡು ಗಣತಿಗಳ ನಡುವೆ ವಾರ್ಡುಗಳನ್ನು ಒಡೆದಿರಬಹುದು. ಗಡಿ ಫೈಲು ಹಳೆಯದು, ಕೋಷ್ಟಕ ಹೊಸದು. ಕೆಲವು ದೇಶಗಳಲ್ಲಿ ತೀರಾ ಚಿಕ್ಕ ಗುಂಪುಗಳ ಸಂಖ್ಯೆಯನ್ನು ಗೋಪ್ಯತೆಗಾಗಿ ಮುಚ್ಚಿ, ಅಲ್ಲಿ ನಕ್ಷತ್ರ ಚಿಹ್ನೆ ಹಾಕಿರುತ್ತಾರೆ. ಒಂದೇ ಒಂದು ನಕ್ಷತ್ರ ಸಾಕು, ಇಡೀ ಕಾಲಂ ಅಂಕಿಯಿಂದ ಪದವಾಗಿಬಿಡುತ್ತದೆ.

ಈ ಜಾಯಿನ್ ತಾತ್ಕಾಲಿಕ. ಎಲ್ಲ ಸರಿ ಇದೆ ಎನಿಸಿದ ಮೇಲೆ ಹೊಸ ಜಿಯೋಪ್ಯಾಕೇಜ್ ಲೇಯರ್ ಆಗಿ ಎಕ್ಸ್‌ಪೋರ್ಟ್ ಮಾಡಿ ಗಟ್ಟಿ ಮಾಡಿಕೊಳ್ಳಿ.

ಅಳತೆಯ ಏಕಮಾನ

ವರ್ಷಗಳ ಹಿಂದೆ ನಾನು ಹಾಕಿದ ಮೊದಲ ಎರಡು ಕಿಲೋಮೀಟರ್ ವೃತ್ತ ಇಡೀ ಪರದೆಯನ್ನು ನುಂಗಿಹಾಕಿತ್ತು. ಕಾರ್ಖಾನೆ ಎಲ್ಲಿದೆ ಎಂದು ಹುಡುಕಲು ಹತ್ತು ಸಲ ಜೂಮ್ ಮಾಡಬೇಕಾಯಿತು. ಬಿಂದುವಿನ ಸುತ್ತ ವೃತ್ತ ಹಾಕುವ ‘ಬಫರ್’ ಕಿಟಕಿಯಲ್ಲಿ ನಾನು ಕೊಟ್ಟ ಸಂಖ್ಯೆ 2. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಡಿಗ್ರೀಸ್’ ಎಂದಿದ್ದದ್ದು ಕಣ್ಣಿಗೇ ಬಿದ್ದಿರಲಿಲ್ಲ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್. ನಾನು ಹಾಕಿದ್ದು 222 ಕಿಲೋಮೀಟರಿನ ವೃತ್ತ!

ಇಳಿಸಿಕೊಂಡ ದತ್ತಾಂಶ ಹೆಚ್ಚಾಗಿ ಇಪಿಎಸ್‌ಜಿ 4326 ಎಂಬ ನಿರ್ದೇಶಾಂಕ ವ್ಯವಸ್ಥೆಯಲ್ಲಿರುತ್ತದೆ, ಅಂದರೆ ಬರೀ ಅಕ್ಷಾಂಶ, ರೇಖಾಂಶ. ನೋಡುವುದಕ್ಕೆ ಅಡ್ಡಿಯಿಲ್ಲ, ಅಳೆಯುವುದಕ್ಕೆ ಆಗದು. ಅಳೆಯಲು ಮೀಟರಿನ ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಪದ್ಧತಿ ಬೇಕು. ಒಂದು ನಗರ ಅಥವಾ ಜಿಲ್ಲೆಯಷ್ಟು ಜಾಗಕ್ಕೆ ಯುಟಿಎಂ ಚೆನ್ನಾಗಿ ಒಗ್ಗುತ್ತದೆ. ಭೂಮಿಯನ್ನು ಆರಾರು ಡಿಗ್ರಿಯ 60 ಪಟ್ಟಿಗಳಾಗಿ ಸೀಳಿದ ವ್ಯವಸ್ಥೆ ಅದು. ನಿಮ್ಮ ಪಟ್ಟಿ ಯಾವುದೆಂದು ತಿಳಿಯಲು ಪೂರ್ವ ರೇಖಾಂಶಕ್ಕೆ 180 ಕೂಡಿಸಿ, 6ರಿಂದ ಭಾಗಿಸಿ, ದಶಮಾಂಶ ಬಿಟ್ಟು, 1 ಕೂಡಿಸಿ. ರೇಖಾಂಶ 10 ಆದರೆ 190ನ್ನು 6ರಿಂದ ಭಾಗಿಸಿದಾಗ 31.67, ಹಾಗಾಗಿ ಪಟ್ಟಿ 32. ಉತ್ತರ ಗೋಳಾರ್ಧಕ್ಕೆ ಅದರ ಸಂಕೇತ ಇಪಿಎಸ್‌ಜಿ 32632, ದಕ್ಷಿಣಕ್ಕೆ 32732.

ಇನ್ನೊಂದು ಹೊಂಡ: ಆನ್‌ಲೈನ್ ನಕ್ಷೆಗಳು ಬಳಸುವ ಇಪಿಎಸ್‌ಜಿ 3857ರ ಏಕಮಾನವೂ ಮೀಟರೇ. ಆದರೆ ಆ ಮೀಟರು ನಿಜವಾದ ಮೀಟರಲ್ಲ. ಸಮಭಾಜಕದಿಂದ ದೂರ ಹೋದಷ್ಟೂ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಉದ್ದ ಎರಡರಷ್ಟು, ವಿಸ್ತೀರ್ಣ ನಾಲ್ಕರಷ್ಟು ಕಾಣುತ್ತದೆ.

ಲೇಯರನ್ನು ಬದಲಿಸಲು ಪ್ರೊಸೆಸಿಂಗ್ ಟೂಲ್‌ಬಾಕ್ಸಿನಲ್ಲಿ ‘ರೀಪ್ರಾಜೆಕ್ಟ್ ಲೇಯರ್’ ಬಳಸಿ. ಬಲಕ್ಲಿಕ್ಕಿನಲ್ಲಿ ಸಿಗುವ ‘ಸೆಟ್ ಲೇಯರ್ ಸಿಆರ್‌ಎಸ್’ ಅಲ್ಲ (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ವ್ಯವಸ್ಥೆ). ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ರೀಪ್ರಾಜೆಕ್ಟ್ ಎಂದರೆ ಬರೆದದ್ದನ್ನು ಇನ್ನೊಂದು ಭಾಷೆಗೆ ಅನುವಾದಿಸಿದ ಹಾಗೆ. ಸೆಟ್ ಎಂದರೆ ಪುಸ್ತಕದ ರಟ್ಟಿನ ಮೇಲೆ ‘ಇದು ಫ್ರೆಂಚ್’ ಎಂದು ಚೀಟಿ ಅಂಟಿಸಿದ ಹಾಗೆ, ಒಳಗಿನದು ಬದಲಾಗುವುದಿಲ್ಲ. ಫೈಲಿನೊಳಗೆ ಪ್ರೊಜೆಕ್ಷನ್ ಮಾಹಿತಿಯೇ ಇಲ್ಲದಿದ್ದಾಗ, ಅದು ಯಾವುದೆಂದು ನಿಮಗೆ ಖಚಿತವಾಗಿ ಗೊತ್ತಿದ್ದಾಗ ಮಾತ್ರ ಸೆಟ್.

ಕಾರ್ಖಾನೆಗಳ ಪಟ್ಟಿಯನ್ನು ಒಳಗೆ ತರುವಾಗ ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ತಿರುವುಮುರುವಾದರೆ ನಿಮ್ಮ ಕಾರ್ಖಾನೆ ಯಾವುದೋ ಸಮುದ್ರದಲ್ಲಿ ತೇಲುತ್ತಿರುತ್ತದೆ.

ವೃತ್ತದೊಳಗಿನ ಜನ

ಈಗ ‘ಬಫರ್’ ಉಪಕರಣ, ದೂರ 2000 ಮೀಟರ್. ಕಾರ್ಖಾನೆಗಳು ಒಂದಕ್ಕಿಂತ ಹೆಚ್ಚಿದ್ದರೆ ‘ಡಿಸಾಲ್ವ್’ ಪೆಟ್ಟಿಗೆಗೆ ಟಿಕ್ ಹಾಕಿ. ಇಲ್ಲದಿದ್ದರೆ ವೃತ್ತಗಳು ಒಂದರ ಮೇಲೊಂದು ಬಿದ್ದ ಕಡೆ ಅದೇ ಜನ ಎರಡೆರಡು ಸಲ ಲೆಕ್ಕಕ್ಕೆ ಸೇರುತ್ತಾರೆ.

ವೃತ್ತಕ್ಕೆ ತಾಗುವ ವಾರ್ಡುಗಳನ್ನೆಲ್ಲ ‘ಸೆಲೆಕ್ಟ್ ಬೈ ಲೊಕೇಶನ್’ ಮೂಲಕ ಆಯ್ದು ಕೂಡಿಬಿಡುವುದು ಸುಲಭದ ದಾರಿ. ಅಂಚಿಗೆ ಒಂದಿಷ್ಟು ತಾಗಿದ ದೊಡ್ಡ ವಾರ್ಡಿನ ಜನರೆಲ್ಲ ಒಳಗೆ ಬಂದುಬಿಡುತ್ತಾರೆ ಎನ್ನುವುದು ಅದರ ದೋಷ. ಸರಿಯಾದ ದಾರಿ ಸ್ವಲ್ಪ ಉದ್ದ. ವಾರ್ಡು ಲೇಯರಿನಲ್ಲಿ ಹೊಸ ಕಾಲಂ ಮಾಡಿ, ಅದರಲ್ಲಿ ಪ್ರತಿ ವಾರ್ಡಿನ ಪೂರ್ಣ ವಿಸ್ತೀರ್ಣ ತುಂಬಿ. ಆಮೇಲೆ ‘ಇಂಟರ್‌ಸೆಕ್ಷನ್’ ಉಪಕರಣದಿಂದ ವಾರ್ಡುಗಳನ್ನು ವೃತ್ತದ ಅಂಚಿಗೆ ಕತ್ತರಿಸಿ. ಕತ್ತರಿಸಿದ ತುಂಡಿನ ವಿಸ್ತೀರ್ಣವನ್ನು ಪೂರ್ಣ ವಿಸ್ತೀರ್ಣದಿಂದ ಭಾಗಿಸಿ, ಜನಸಂಖ್ಯೆಯಿಂದ ಗುಣಿಸಿ. ಭಾಗಲಬ್ಧವನ್ನು ಬೇರೆ ಕಾಲಮ್ಮಿನಲ್ಲಿ ಇಡುವುದಾದರೆ ಆ ಕಾಲಂ ‘ಡೆಸಿಮಲ್’ ಆಗಿರಲಿ. ಇಂಟಿಜರ್ ಆಗಿದ್ದರೆ 0.25 ಎಂಬುದು ಸೊನ್ನೆಯಾಗಿ, ಅಷ್ಟೂ ಜನ ಮಾಯವಾಗುತ್ತಾರೆ. ಇಂಟರ್‌ಸೆಕ್ಷನ್ ನಡುವೆ ‘ಇನ್‌ವ್ಯಾಲಿಡ್ ಜಿಯೊಮೆಟ್ರಿ’ ಎಂದು ನಿಂತರೆ, ಗಡಿಯ ಗೆರೆ ಎಲ್ಲೋ ತನ್ನನ್ನೇ ತಾನು ದಾಟಿದೆ ಎಂದರ್ಥ. ‘ಫಿಕ್ಸ್ ಜಿಯೊಮೆಟ್ರೀಸ್’ ಓಡಿಸಿ ಮತ್ತೆ ಪ್ರಯತ್ನಿಸಿ.

ಒಂದು ವಾರ್ಡನ್ನು ಹತ್ತಿರದಿಂದ ನೋಡೋಣ. ವಿಸ್ತೀರ್ಣ 12 ಚದರ ಕಿಲೋಮೀಟರ್, ಜನ 6000 ಎಂದುಕೊಳ್ಳಿ. ವೃತ್ತದೊಳಗೆ ಬಿದ್ದ ತುಂಡು 3 ಚದರ ಕಿಲೋಮೀಟರ್. ಕಾಲು ಭಾಗ, ಹಾಗಾಗಿ 1500 ಜನ. ಲೆಕ್ಕ ಸರಿ. ಈಗ ಕೆಳಗೆ ಉಪಗ್ರಹ ಚಿತ್ರ ಹಾಕಿ ನೋಡುತ್ತೀರಿ: ಆ ಮೂರು ಚದರ ಕಿಲೋಮೀಟರಿನ ಬಹುಪಾಲು ಜಲಾಶಯ! ದಡದಲ್ಲಿ ಬೆರಳೆಣಿಕೆಯ ಮನೆಗಳು. ವಾರ್ಡಿನ ಜನರೆಲ್ಲ ಇನ್ನೊಂದು ತುದಿಯಲ್ಲಿ. ವಿಸ್ತೀರ್ಣದ ಲೆಕ್ಕ ನೀರಿನ ಮೇಲೆ ಸಾವಿರಕ್ಕೂ ಹೆಚ್ಚು ಜನರನ್ನು ಕೂರಿಸಿದೆ.

ವರ್ಲ್ಡ್‌ಪಾಪ್‌ನಂಥ ರಾಸ್ಟರ್ ಉಪಯೋಗಕ್ಕೆ ಬರುವುದು ಇಂಥಲ್ಲಿ. ಅವರು ಗಣತಿಯ ಸಂಖ್ಯೆಯನ್ನು ಕಟ್ಟಡ, ರಸ್ತೆ, ಭೂಬಳಕೆ ನೋಡಿ ಸಣ್ಣ ಚೌಕಗಳಿಗೆ ಹಂಚಿರುತ್ತಾರೆ. ಅದರಲ್ಲೂ ‘ಕನ್‌ಸ್ಟ್ರೇನ್ಡ್’ ಎಂಬ ಬಗೆ ಜನರನ್ನು ಕಟ್ಟಡಗಳಿರುವ ಚೌಕಗಳಿಗೆ ಮಾತ್ರ ಹಂಚುತ್ತದೆ, ನಮ್ಮ ಕೆಲಸಕ್ಕೆ ಅದೇ ಬೇಕು. ‘ಜೋನಲ್ ಸ್ಟಾಟಿಸ್ಟಿಕ್ಸ್’ ಉಪಕರಣಕ್ಕೆ ವೃತ್ತದ ಲೇಯರನ್ನೂ ಈ ರಾಸ್ಟರನ್ನೂ ಕೊಟ್ಟು ‘ಸಮ್’ ಕೇಳಿ. ಎರಡು ವಿಧಾನದ ಉತ್ತರ ಹತ್ತಿರ ಹತ್ತಿರ ಬಂದರೆ ನಿಶ್ಚಿಂತೆ. ದೂರ ದೂರ ಇದ್ದರೆ ಯಾವ ವಾರ್ಡಿನಲ್ಲಿ ವ್ಯತ್ಯಾಸ ಹುಟ್ಟಿತು ಎಂದು ಹುಡುಕಿ ಉಪಗ್ರಹ ಚಿತ್ರ ನೋಡಿ. ಮಕ್ಕಳ ಸಂಖ್ಯೆ ಬೇಕಿದ್ದರೆ, ವಾರ್ಡಿನ ಗಣತಿಯಲ್ಲಿ ಮಕ್ಕಳ ಪ್ರಮಾಣ ಎಷ್ಟಿದೆಯೋ ಆ ಪ್ರಮಾಣವನ್ನು ಪ್ರತಿ ತುಂಡಿನ ಜನಸಂಖ್ಯೆಗೆ ಹಚ್ಚಿ, ಆಮೇಲೆ ಕೂಡಿ. ಎಲ್ಲವನ್ನೂ ಕೂಡಿದ ಮೇಲೆ ಒಂದೇ ಸರಾಸರಿ ಪ್ರಮಾಣ ಹಚ್ಚಿದರೆ ಉತ್ತರ ಬೇರೆಯಾಗುತ್ತದೆ.

ಗಾಳಿಯ ಸರಾಸರಿ, ಉಸಿರಿನ ಸರಾಸರಿ

ಗಾಳಿಯಲ್ಲಿನ ಅತಿ ಸೂಕ್ಷ್ಮ ದೂಳಿನ ಕಣಗಳ, ಅಂದರೆ ಪಿಎಂ 2.5ರ ರಾಸ್ಟರ್ ಸಿಕ್ಕಿತೆಂದರೆ ಎಲ್ಲರೂ ಮೊದಲು ಮಾಡುವುದು ಜೋನಲ್ ಸ್ಟಾಟಿಸ್ಟಿಕ್ಸ್‌ನಲ್ಲಿ ವಾರ್ಡಿನ ‘ಮೀನ್’ ತೆಗೆಯುವುದು. ಅದು ನೆಲದ ಸರಾಸರಿ, ಜನರದ್ದಲ್ಲ. ಒಂದು ವಾರ್ಡಿನ ಅರ್ಧ ಕಾಡು, ಅಲ್ಲಿ ಪಿಎಂ 2.5 ಪ್ರಮಾಣ ಘನಮೀಟರಿಗೆ 10 ಮೈಕ್ರೋಗ್ರಾಂ, ಜನ 1000. ಇನ್ನರ್ಧ ಪೇಟೆ, ಪ್ರಮಾಣ 40, ಜನ 9000. ನೆಲದ ಸರಾಸರಿ 25. ಆದರೆ ಹತ್ತರಲ್ಲಿ ಒಂಬತ್ತು ಜನ ಉಸಿರಾಡುತ್ತಿರುವುದು 40. ಜನರ ಲೆಕ್ಕದ ಸರಾಸರಿ ತೆಗೆದರೆ 37 ಬರುತ್ತದೆ. ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಮಾಲಿನ್ಯದ ರಾಸ್ಟರನ್ನು ಜನಸಂಖ್ಯೆಯ ರಾಸ್ಟರಿನಿಂದ ಗುಣಿಸಿ, ವಾರ್ಡಿನೊಳಗಿನ ಮೊತ್ತವನ್ನು ಜನಸಂಖ್ಯೆಯ ಮೊತ್ತದಿಂದ ಭಾಗಿಸಿದರೆ ಅದು ಸಿಗುತ್ತದೆ. ಎರಡು ರಾಸ್ಟರ್‌ಗಳ ಚೌಕ ಒಂದೇ ಅಳತೆಯದಾಗಿರಲಿ. ಹೊಂದಿಸುವಾಗ ಮಾಲಿನ್ಯದ ರಾಸ್ಟರನ್ನು ಜನಸಂಖ್ಯೆಯ ಚೌಕಕ್ಕೆ ಹೊಂದಿಸಿ, ತಿರುಗಿಸಿ ಮಾಡಬೇಡಿ. ಜನರ ಎಣಿಕೆಯನ್ನು ಹಿಗ್ಗಿಸಿ ಕುಗ್ಗಿಸಿದರೆ ಒಟ್ಟು ಮೊತ್ತವೇ ಕೆಡುತ್ತದೆ.

ರಾಸ್ಟರಿನಲ್ಲಿ ಬೆಲೆಯಿಲ್ಲದ ಕಡೆ ಕೆಲವರು -9999 ತುಂಬಿರುತ್ತಾರೆ. ತಂತ್ರಾಂಶಕ್ಕೆ ಅದು ‘ನೋಡೇಟಾ’ ಎಂದು ಹೇಳದಿದ್ದರೆ ಅದನ್ನೂ ಸರಾಸರಿಗೆ ಸೇರಿಸುತ್ತದೆ. ಕರಾವಳಿಯ ವಾರ್ಡಿನ ಗಾಳಿಗೆ ಋಣ ಸಂಖ್ಯೆ ಬಂದಿದ್ದರೆ ಕಾರಣ ಇದೇ.

ಮಾಪನ ಕೇಂದ್ರಗಳು ಐದಾರೇ ಇದ್ದು, ಅವುಗಳ ನಡುವಿನ ಜಾಗವನ್ನು ‘ಐಡಿಡಬ್ಲ್ಯು ಇಂಟರ್ಪೊಲೇಶನ್’ (ಹತ್ತಿರದ ಕೇಂದ್ರಕ್ಕೆ ಹೆಚ್ಚು ತೂಕ ಕೊಟ್ಟು ಬೆಲೆ ಊಹಿಸುವ ಸೂತ್ರ) ಮೂಲಕ ಬಣ್ಣದಿಂದ ತುಂಬಿಸುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಪ್ರತಿ ಕೇಂದ್ರದ ಸುತ್ತ ಗುಂಡಗಿನ ಉಂಗುರಗಳು ಮೂಡುತ್ತವೆ. ಅವು ಗಾಳಿಯ ಆಕಾರವಲ್ಲ, ಸೂತ್ರದ ಆಕಾರ. ಐದಾರು ಕೇಂದ್ರಗಳಿದ್ದರೆ ಐದಾರು ಚುಕ್ಕೆ ತೋರಿಸಿ, ಪಕ್ಕದಲ್ಲಿ ಸಂಖ್ಯೆ ಬರೆಯಿರಿ.

ಬಣ್ಣ ಹಾಕುವಾಗ

‘ಸಿಂಬಾಲಜಿ’ಯಲ್ಲಿ ‘ಗ್ರಾಜುಯೇಟೆಡ್’ ಆರಿಸಿ. ಒಟ್ಟು ಜನಸಂಖ್ಯೆಗೆ ಬಣ್ಣ ಹಾಕಿದರೆ ದೊಡ್ಡ ವಾರ್ಡುಗಳೆಲ್ಲ ಸುಮ್ಮನೆ ಕಡುಬಣ್ಣಕ್ಕೆ ತಿರುಗುತ್ತವೆ, ಆದ್ದರಿಂದ ಚದರ ಕಿಲೋಮೀಟರಿಗೆ ಎಷ್ಟು ಜನ ಎಂದೋ, ನೂರಕ್ಕೆ ಎಷ್ಟು ಎಂದೋ ಮಾಡಿಕೊಳ್ಳಿ. ವರ್ಗೀಕರಣದ ಆಯ್ಕೆಗಳಲ್ಲಿ ‘ಕ್ವಾಂಟೈಲ್’ ಪ್ರತಿ ಬಣ್ಣಕ್ಕೂ ಸರಿಸುಮಾರು ಅಷ್ಟಷ್ಟೇ ವಾರ್ಡು ಹಂಚುತ್ತದೆ, ‘ಈಕ್ವಲ್ ಇಂಟರ್ವಲ್’ ಸಂಖ್ಯೆಯ ಅಂತರವನ್ನು ಸಮನಾಗಿ ಕೊಯ್ಯುತ್ತದೆ, ‘ಜೆಂಕ್ಸ್’ ಸಂಖ್ಯೆಗಳ ನಡುವಿನ ಸಹಜ ಬಿರುಕು ಹುಡುಕುತ್ತದೆ. ಒಂದೇ ದತ್ತಾಂಶ, ಮೂರು ಬೇರೆ ಬೇರೆ ನಕ್ಷೆ! ಮೂರನ್ನೂ ಒಮ್ಮೆ ಹಾಕಿ ನೋಡಿದವರು ಮತ್ತೆ ಯಾರ ಬಣ್ಣದ ನಕ್ಷೆಯನ್ನೂ ಸುಮ್ಮನೆ ನಂಬುವುದಿಲ್ಲ.

ಪರಿಸರದ ಅಂಕಿಗೆ ನಾನು ಈ ಯಾವುದನ್ನೂ ಬಳಸುವುದಿಲ್ಲ. ಮಾನದಂಡ ಇರುವಾಗ ಅದನ್ನೇ ಗೆರೆಯಾಗಿ ಎಳೆಯುವುದು ಮೇಲು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪಿಎಂ 2.5ರ ವಾರ್ಷಿಕ ಮಿತಿಯನ್ನು 10ರಿಂದ 5 ಮೈಕ್ರೋಗ್ರಾಮಿಗೆ ಇಳಿಸಿತು. ಅಲ್ಲಿಗೆ ತಲುಪುವ ಮೆಟ್ಟಿಲುಗಳಾಗಿ 35, 25, 15, 10 ಎಂಬ ಮಧ್ಯಂತರ ಗುರಿಗಳನ್ನಿಟ್ಟಿದೆ. ಈ ಐದು ಸಂಖ್ಯೆಗಳನ್ನೇ ಕೈಯಾರೆ ಗಡಿಯಾಗಿ ತುಂಬಿ. ಆಗ ಕಡುಬಣ್ಣ ಎಂದರೆ ‘ಉಳಿದವಕ್ಕಿಂತ ಹೆಚ್ಚು’ ಎಂದಷ್ಟೇ ಅಲ್ಲ, ‘ಇಂಥ ಮಿತಿ ಮೀರಿದೆ’ ಎಂದಾಗುತ್ತದೆ. ಬೇರೆ ವರ್ಷದ ನಕ್ಷೆಯ ಪಕ್ಕದಲ್ಲಿಟ್ಟು ಹೋಲಿಸಲೂ ಬರುತ್ತದೆ.

ನಕ್ಷೆ ಚೆನ್ನಾಗಿ ಬಂತೆಂದು ಮಾತು ದೊಡ್ಡದು ಮಾಡುವ ಮುನ್ನ ಒಂದು ಸಂಗತಿ. ಬಡತನ ಹೆಚ್ಚಿರುವ ವಾರ್ಡುಗಳಲ್ಲೇ ಮಾಲಿನ್ಯವೂ ಹೆಚ್ಚಿದೆ ಎಂದು ನಕ್ಷೆ ತೋರಿಸಬಹುದು. ಅದರಿಂದ ಆ ವಾರ್ಡಿನ ಬಡವರೇ ಹೆಚ್ಚು ಹೊಗೆ ಕುಡಿಯುತ್ತಿದ್ದಾರೆ ಎಂದು ಹೇಳಲು ಬರುವುದಿಲ್ಲ. ವಾರ್ಡಿನೊಳಗೆ ಯಾರು ಎಲ್ಲಿದ್ದಾರೆ ಎಂದು ಆ ನಕ್ಷೆಗೆ ಗೊತ್ತಿಲ್ಲ. ಗುಂಪಿನ ಅಂಕಿಯಿಂದ ವ್ಯಕ್ತಿಯ ಬಗ್ಗೆ ಹೇಳಲು ಹೋಗುವ ಈ ತಪ್ಪನ್ನು ಸಮಾಜಶಾಸ್ತ್ರಜ್ಞ ವಿಲಿಯಂ ರಾಬಿನ್ಸನ್ 1950ರಲ್ಲೇ ಎತ್ತಿ ತೋರಿಸಿದ್ದರು. ಜೊತೆಗೆ ವಾರ್ಡುಗಳನ್ನು ಸೇರಿಸಿ ದೊಡ್ಡ ವಲಯ ಮಾಡಿದರೆ ಅದೇ ಸಂಬಂಧ ಗಟ್ಟಿಯಾಗಿಯೂ ಕಾಣಬಹುದು, ಕರಗಿಯೂ ಹೋಗಬಹುದು. ಸಾಧ್ಯವಿದ್ದರೆ ಎರಡು ಹಂತದ ಗಡಿಗಳಲ್ಲೂ ಲೆಕ್ಕ ಹಾಕಿ ನೋಡಿ.

ಕೊನೆಗೆ ‘ಪ್ರಿಂಟ್ ಲೇಔಟ್’ ತೆರೆದು ಅಳತೆಪಟ್ಟಿ, ಬಣ್ಣದ ವಿವರ ಹಾಕಿ. ನಕ್ಷೆಯ ಕೆಳಗೆ ಗಣತಿಯ ವರ್ಷವನ್ನೂ ಮಾಲಿನ್ಯ ಅಳೆದ ವರ್ಷವನ್ನೂ ಬೇರೆ ಬೇರೆಯಾಗಿ ಬರೆಯಿರಿ. ಅವೆರಡರ ನಡುವೆ ಹತ್ತು ವರ್ಷದ ಅಂತರ ಇರುವುದು ಅಪರೂಪವೇನಲ್ಲ. ಒಂದು ವಿಧಾನದಿಂದ 11,237, ಇನ್ನೊಂದರಿಂದ 9,860 ಬಂದಿದ್ದರೆ ಬರೆಯಬೇಕಾದದ್ದು ‘ಸುಮಾರು 10ರಿಂದ 11 ಸಾವಿರ’ ಎಂದು, ಪಕ್ಕದಲ್ಲಿ ಎರಡೂ ವಿಧಾನದ ಹೆಸರು.